ಎದೆಯ ಮಷೀನು, ಕಿಸೆಯ ಫೋನು

ನಮ್ಮ ಕಡೆ ಪೇಸ್‌ಮೇಕರ್‌ಗೆ ಪೇಸ್‌ಮೇಕರ್ ಅನ್ನುವವರು ಕಡಿಮೆ. ‘ಮಷೀನ್’ ಅನ್ನುತ್ತಾರೆ. ‘ಅವರಿಗಿ ಎದ್ಯಾಗ ಮಷೀನ್ ಹಾಕ್ಯಾರ’ ಎಂದರೆ ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಕೇಳಿದವರಿಗೆ ತಿಳಿಯುತ್ತದೆ. ಹೈದರಾಬಾದ್, ಸೊಲ್ಲಾಪುರ, ಕಲಬುರಗಿ ಈ ಮೂರರಲ್ಲಿ ಒಂದು ಊರಿನ ದವಾಖಾನೆಯಲ್ಲಿ ಅದನ್ನು ಹಾಕಿಸಿಕೊಂಡು ಬಂದಿರುತ್ತಾರೆ. ಬರುವಾಗ ಒಂದು ಕಾರ್ಡು ಕೊಟ್ಟಿರುತ್ತಾರೆ. ಅದು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ, ಟ್ರಂಕಿನೊಳಗೆ ಭದ್ರವಾಗಿರುತ್ತದೆ. ಈಚೆಗೆ ಕೆಲವರಿಗೆ ಕಾರ್ಡಿನ ಜೊತೆಗೆ ಫೋನಿಗೆ ಒಂದು ಆ್ಯಪ್ ಕೂಡ ಹಾಕಿಕೊಡುತ್ತಿದ್ದಾರೆ. ನನ್ನ ಪಿಎಚ್.ಡಿ. ಇರುವುದು ಆ ಆ್ಯಪಿನ ಸ್ಕ್ರೀನಿನ ಬಗ್ಗೆ. ದೇಹದೊಳಗೆ ಯಂತ್ರ ಇರುವ ಮನುಷ್ಯನಿಗೆ ಫೋನು ಏನನ್ನು ಹೇಳಬೇಕು, ಹೇಗೆ ಹೇಳಬೇಕು, ಯಾವುದನ್ನು ಹೇಳಲೇಬಾರದು ಎನ್ನುವುದು ನಾನು ಓದುತ್ತಿರುವ ವಿಷಯ.

ಊರಲ್ಲಿ ಇದನ್ನು ವಿವರಿಸುವುದು ಕಷ್ಟ. ‘ಆ್ಯಪ್ ಬರೀಲತಿ ಏನ್?’ ಎಂದು ಕೇಳುತ್ತಾರೆ. ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ಮಾತು ಉದ್ದವಾಗುತ್ತದೆ. ಮಷೀನಿನ ಒಳಗಿನ ಸರ್ಕ್ಯೂಟು ಎಂಜಿನಿಯರುಗಳ ಕೆಲಸ. ಅದನ್ನು ಕೂರಿಸುವುದು ಹೃದ್ರೋಗ ತಜ್ಞರ ಕೆಲಸ. ಇವೆರಡೂ ಸರಿಯಾಗಿ ಆದ ಮೇಲೆ ಉಳಿಯುವ ಒಂದು ಸಣ್ಣ ಜಾಗ ಇದೆ. ಐದೂವರೆ ಆರು ಇಂಚಿನ ಗಾಜು. ಅಲ್ಲಿ ಬರುವ ನಾಲ್ಕು ಸಾಲು ಓದಿ ಮನೆಯವರು ರಾತ್ರಿ ಹತ್ತಕ್ಕೆ ಜೀಪು ಕಟ್ಟಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನಾನು ಕೂತಿರುವುದು ಆ ನಾಲ್ಕು ಸಾಲಿನ ಮುಂದೆ.

ಮೊದಲು ಮಷೀನಿನ ಬಗ್ಗೆ ಸ್ವಲ್ಪ. ಇಪ್ಪತ್ತರಿಂದ ಮೂವತ್ತು ಗ್ರಾಂ ತೂಕದ ಲೋಹದ ಡಬ್ಬಿ. ಒಳಗೆ ಬ್ಯಾಟರಿ ಮತ್ತು ಸರ್ಕ್ಯೂಟು. ಸಾಮಾನ್ಯವಾಗಿ ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮದಡಿ ಇರಿಸುತ್ತಾರೆ. ಅಲ್ಲಿಂದ ಒಂದೋ ಎರಡೋ ತೆಳು ವೈರು ರಕ್ತನಾಳದ ಮೂಲಕ ಹೃದಯದೊಳಗೆ ಇಳಿಯುತ್ತದೆ. ಹೃದಯ ತಾನಾಗಿ ಬಡಿದರೆ ಮಷೀನು ಸುಮ್ಮನಿರುತ್ತದೆ. ಬಡಿತ ತಪ್ಪಿದರೆ ಒಂದು ಸಣ್ಣ ವಿದ್ಯುತ್ ತಟ್ಟು ಕೊಟ್ಟು ಎಬ್ಬಿಸುತ್ತದೆ. ಬ್ಯಾಟರಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಮುಗಿಯುವ ಹೊತ್ತಿಗೆ ಡಬ್ಬಿಯನ್ನೇ ಬದಲಿಸಬೇಕು.

ಮೊದಲ ಬಾರಿಗೆ ಇದನ್ನು ಮನುಷ್ಯನ ದೇಹದೊಳಗೆ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ. ಅರ್ನೆ ಲಾರ್ಸನ್ ಎಂಬ ರೋಗಿ, ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯ, ರೂನೆ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರು. ಬೂಟ್ ಪಾಲಿಶ್ ಡಬ್ಬಿಯ ಗಾತ್ರದ ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಕೂಡಲೇ ಇನ್ನೊಂದನ್ನು ಹಾಕಿದರು. ಲಾರ್ಸನ್ ತಮ್ಮ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು, ಆ ಎಂಜಿನಿಯರನಿಗಿಂತಲೂ ಆ ವೈದ್ಯನಿಗಿಂತಲೂ ಹೆಚ್ಚು ಕಾಲ ಬಾಳಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದಿನಿಂದ ಇಂದಿನವರೆಗೆ ಯಂತ್ರ ಎಷ್ಟೋ ಪಾಲು ನಂಬಿಕಸ್ಥವಾಗಿದೆ. ಆದರೆ ಬಹಳ ಕಾಲ ಅದಕ್ಕೆ ರೋಗಿಯ ಜೊತೆ ಮಾತಾಡಲು ಬಾಯಿ ಇರಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ದವಾಖಾನೆಗೆ ಹೋದಾಗ ಎದೆಯ ಮೇಲೆ ಒಂದು ಉಪಕರಣ ಇಟ್ಟು ಡಾಕ್ಟರು ಅದರ ಲೆಕ್ಕ ಓದುತ್ತಿದ್ದರು.

ಈಗಿನ ಕೆಲವು ಮಷೀನುಗಳಲ್ಲಿ ಬ್ಲೂಟೂತ್ ಇದೆ. ರಾತ್ರಿ ಮಲಗಿದಾಗ ಅದು ಪಕ್ಕದಲ್ಲಿರುವ ಫೋನಿಗೆ ತನ್ನ ವರದಿ ಒಪ್ಪಿಸುತ್ತದೆ. ಫೋನು ಅದನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ, ಅಲ್ಲಿಂದ ದವಾಖಾನೆಗೆ ಕಳಿಸುತ್ತದೆ. ಪೇಸ್‌ಮೇಕರ್‌ನ ಮಟ್ಟಿಗೆ ಈ ಆ್ಯಪು ಓದಿ ಕಳಿಸುವ ಅಂಚೆಯಣ್ಣ ಮಾತ್ರ. ಮಷೀನಿನ ಸೆಟ್ಟಿಂಗ್ ಬದಲಿಸುವ ಅಧಿಕಾರ ಅದಕ್ಕಿಲ್ಲ. ಕಿವಿಯ ಕಾಕ್ಲಿಯರ್ ಇಂಪ್ಲಾಂಟ್‌ಗಳ ವಿಷಯ ಬೇರೆ, ಅಲ್ಲಿ ಫೋನಿನಿಂದಲೇ ಸದ್ದು ಹೆಚ್ಚು ಕಡಿಮೆ ಮಾಡಬಹುದು. ಹೃದಯದ ವಿಷಯದಲ್ಲಿ ಕಂಪನಿಗಳು ಹೆದರಿ ಹೆಜ್ಜೆ ಇಟ್ಟಿವೆ, ಒಳ್ಳೆಯದೇ. ಹಾಗಾದರೆ ಓದಿ ಕಳಿಸುವುದರಲ್ಲಿ ಅಪಾಯ ಎಲ್ಲಿಂದ ಬಂತು ಎನ್ನಬಹುದು. ಅಪಾಯ ಅಂಚೆಯಣ್ಣ ಬಾರದ ದಿನ ಶುರುವಾಗುತ್ತದೆ. ಅದಕ್ಕೂ ಮೊದಲು, ಅಂಗಿಯ ಕಿಸೆಯಲ್ಲಿ ಶುರುವಾಗುತ್ತದೆ.

ಫೋನಿನೊಳಗೆ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಮೇಲೆ ಬಲವಾದ ಅಯಸ್ಕಾಂತ ಹಿಡಿದರೆ ಅದು ಹೃದಯದ ಸ್ವಂತ ಬಡಿತವನ್ನು ಗಮನಿಸುವುದು ಬಿಟ್ಟು ಒಂದೇ ಗತಿಯಲ್ಲಿ ತಟ್ಟತೊಡಗುತ್ತದೆ. ವೈದ್ಯರು ಪರೀಕ್ಷೆಗೆ ಬಳಸಲೆಂದೇ ಹಾಗೆ ಮಾಡಿದ್ದಾರೆ. ಹೃದಯ ಅಡ್ಡಾದಿಡ್ಡಿ ಬಡಿದಾಗ ಶಾಕ್ ಕೊಟ್ಟು ಉಳಿಸುವ ಐಸಿಡಿ ಎಂಬ ಇನ್ನೊಂದು ಯಂತ್ರ ಇದೆ. ಅಯಸ್ಕಾಂತ ಹತ್ತಿರ ಇರುವಷ್ಟು ಹೊತ್ತು ಅದು ಶಾಕ್ ಕೊಡುವುದನ್ನೇ ನಿಲ್ಲಿಸುತ್ತದೆ. 2021ರ ಜನವರಿಯಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಆಸ್ಪತ್ರೆಯ ವೈದ್ಯರು ಐಫೋನ್ 12 ಅನ್ನು ರೋಗಿಯ ಎದೆಯ ಹತ್ತಿರ ತಂದಾಗ ಐಸಿಡಿ ಹೀಗೆ ಸುಮ್ಮನಾದದ್ದನ್ನು ವರದಿ ಮಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಫೋನನ್ನು ಇಂಪ್ಲಾಂಟ್‌ನಿಂದ ಆರು ಇಂಚು ಅಂದರೆ 15 ಸೆಂಟಿಮೀಟರ್ ದೂರ ಇಡಿ, ಎದೆಯ ಕಿಸೆಯಲ್ಲಿ ಇಡಬೇಡಿ ಎಂದು ಸಲಹೆ ಕೊಟ್ಟಿತು. ದೂರ ಸರಿಸಿದರೆ ಯಂತ್ರ ಮತ್ತೆ ಮೊದಲಿನಂತೆ ಕೆಲಸ ಮಾಡುತ್ತದೆ. ಗಾಬರಿಯ ಸಂಗತಿಯಲ್ಲ, ಅಭ್ಯಾಸದ ಸಂಗತಿ.

ಆದರೆ ನಮ್ಮ ಕಡೆಯ ಗಂಡಸರ ಬಿಳಿ ಅಂಗಿಗೆ ಕಿಸೆ ಇರುವುದು ಎಡ ಎದೆಯ ಮೇಲೆ. ಫೋನು, ಬೀಡಿ ಕಟ್ಟು, ಬಸ್ ಟಿಕೆಟ್ ಎಲ್ಲ ಅಲ್ಲೇ. ಅದರ ಹಿಂದೆಯೇ ಮಷೀನು. ಕಾರ್ಡಿನ ಜೊತೆ ಕೊಡುವ ಹಾಳೆಯಲ್ಲಿ ‘ಶರ್ಟಿನ ಕಿಸೆಯಲ್ಲಿ ಫೋನ್ ಇಡಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಒಬ್ಬ ಅಜ್ಜಿ ನಕ್ಕರು. ‘ನಾ ಶರ್ಟ್ ಎಲ್ಲಿ ಹಾಕ್ತೀನೋ ಯಪ್ಪಾ’ ಎಂದರು. ಅವರ ಸಣ್ಣ ಫೋನು ಎಲೆಯಡಿಕೆ ಚೀಲದ ಜೊತೆ ಕುಪ್ಪಸದೊಳಗೆ ಇತ್ತು. ಬರೆದವರ ಕಣ್ಣ ಮುಂದೆ ಶರ್ಟು ಹಾಕಿದ ಒಬ್ಬ ರೋಗಿ ಇದ್ದ. ಅಜ್ಜಿಯ ಮಟ್ಟಿಗೆ ಆ ಎಚ್ಚರಿಕೆ ಅವರಿಗೆ ಬರೆದದ್ದೇ ಅಲ್ಲ.

15 ಸೆಂಟಿಮೀಟರ್ ಎನ್ನುವುದೂ ಹಾಗೆಯೇ ಗಾಳಿಯಲ್ಲಿ ಹೋಗುವ ಮಾತು. ನಾನು ಬೆರಳಿನಲ್ಲಿ ತೋರಿಸುತ್ತಿದ್ದಾಗ ಅಜ್ಜಿಯ ಮಗಳು ‘ಒಂದು ಗೇಣು ಅನ್ರಿ’ ಎಂದಳು. ಗೇಣು ಎಂದರೆ ಸುಮಾರು ಒಂಬತ್ತು ಇಂಚು. ಸಣ್ಣ ಕೈಯವರ ಗೇಣೂ ಆರು ಇಂಚಿಗಿಂತ ಕಡಿಮೆ ಆಗುವುದು ಅಪರೂಪ. ಅಳತೆ ಅವರವರ ಕೈಯಲ್ಲೇ ಇದೆ, ತಪ್ಪಿದರೂ ಸುರಕ್ಷತೆಯ ಕಡೆಗೇ ತಪ್ಪುತ್ತದೆ. ಈಗ ನನ್ನ ಪಟ್ಟಿಯಲ್ಲಿ ಆ ಸಾಲು ಹೀಗಿದೆ: ‘ಫೋನು ಮಷೀನಿನಿಂದ ಒಂದು ಗೇಣು ದೂರ ಇರಲಿ. ಎದೆಯ ಕಿಸೆಯಲ್ಲಿ, ಕುಪ್ಪಸದಲ್ಲಿ ಬೇಡ. ಮಾತಾಡುವಾಗ ಮಷೀನ್ ಇಲ್ಲದ ಕಡೆಯ ಕಿವಿಗೆ ಹಿಡಿಯಿರಿ.’ ಜೊತೆಗೆ ಗೇಣು ಅಳೆಯುವ ಒಂದು ಕೈಯ ಚಿತ್ರ.

ಹುಮನಾಬಾದಿನಲ್ಲಿ, ಬಸವಕಲ್ಯಾಣದಲ್ಲಿ, ಸುತ್ತಲಿನ ಕೆಲವು ಹಳ್ಳಿಗಳಲ್ಲಿ ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರ ಬಳಿ ಆ್ಯಪ್ ಇರಲಿಲ್ಲ, ಕಾರ್ಡು ಮಾತ್ರ ಇತ್ತು. ಹಾಗಾಗಿ ನಾನು ಕಾಗದದ ಮೇಲೆ ಫೋನಿನ ಸ್ಕ್ರೀನುಗಳನ್ನು ಬರೆದುಕೊಂಡು ಹೋಗುತ್ತೇನೆ. ನಮ್ಮ ವಿಷಯದಲ್ಲಿ ಇದು ಹಳೆಯ ವಿಧಾನ. ಕಾಗದವಾದರೆ ಜನ ತಿದ್ದಲು ಹಿಂಜರಿಯುವುದಿಲ್ಲ. ಹೆಸರು, ಊರು ಎಲ್ಲೂ ಬರೆಯುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ಮೊದಲ ಸುತ್ತಿಗೆ ಫೋನುಗಳಲ್ಲಿ ಸಾಮಾನ್ಯವಾಗಿ ಕಾಣುವ ಕನ್ನಡವನ್ನೇ ಇಟ್ಟಿದ್ದೆ, ಅದು ಹೇಗೆ ಕೇಳಿಸುತ್ತದೆ ನೋಡೋಣವೆಂದು.

‘ನಿಮ್ಮ ಸಾಧನದ ಸಂಪರ್ಕ ಕಡಿತಗೊಂಡಿದೆ.’ ಬ್ಲೂಟೂತ್ ಆಫ್ ಆದರೆ ಬರುವ ಸಾಲು ಇದು. ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಎರಡು ಸಲ ಓದಿ ಎದೆ ಮುಟ್ಟಿಕೊಂಡರು. ‘ಒಳಗಿನ ವೈರ್ ಕಡದ್ ಹೋಗ್ಯದ ಅಂತ ಬರ್ದೀರೇನ್ರಿ?’ ಅವರು ಓದಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಎದೆಯಲ್ಲಿ ನಿಜಕ್ಕೂ ಒಂದು ವೈರು ಇದೆ. ಸಾಧನ, ಸಂಪರ್ಕ, ಕಡಿತ ಈ ಮೂರು ಪದಗಳು ಸೇರಿದರೆ ಆ ವೈರಿನ ಕಡೆಗೇ ಮನಸ್ಸು ಹೋಗುತ್ತದೆ. ವಿದ್ಯುತ್ ಇಲಾಖೆಯವರು ಬಿಲ್ ಕಟ್ಟದ ಮನೆಗೆ ಮಾಡುವುದನ್ನೂ ಕಡಿತ ಎಂದೇ ಕರೆಯುತ್ತಾರೆ.

‘ಬ್ಯಾಟರಿ ಕಡಿಮೆ ಇದೆ.’ ಇನ್ನೊಂದು ಸಾಲು. ಒಬ್ಬ ಗೃಹಿಣಿ ಥಟ್ಟನೆ ‘ಚಾರ್ಜಿಗಿ ಹಚ್ಚಬೇಕು’ ಎಂದರು. ಅವರ ಪಕ್ಕದಲ್ಲೇ ಕೂತಿದ್ದ ಮಾವನವರು ಮಾತೇ ಆಡಲಿಲ್ಲ. ಅವರು ಅದನ್ನು ತಮ್ಮ ಎದೆಯ ಬ್ಯಾಟರಿ ಎಂದುಕೊಂಡಿದ್ದರು. ಮೊದಲನೆಯದಕ್ಕೆ ಪರಿಹಾರ ಗೋಡೆಯ ಪ್ಲಗ್ಗು, ಎರಡನೆಯದಕ್ಕೆ ಶಸ್ತ್ರಚಿಕಿತ್ಸೆ. ಎರಡಕ್ಕೂ ಒಂದೇ ಪದ ಬಳಸುವ ಆ್ಯಪ್ ಸುರಕ್ಷಿತ ಆಗಲಾರದು. ನನ್ನ ಸಹಪಾಠಿಯೊಬ್ಬ ಮಷೀನಿನ ಬ್ಯಾಟರಿಗೆ ‘ಮಷೀನಿನ ಆಯಸ್ಸು’ ಎಂದು ಸೂಚಿಸಿದ. ಕೇಳಲು ಚೆಂದವಾಗಿತ್ತು. ಅದನ್ನು ತೋರಿಸಿದ ಮೊದಲ ಮನೆಯಲ್ಲೇ ‘ಆಯಸ್ಸು ಅಂತ ಬರೀಬ್ಯಾಡ್ರಿ’ ಎಂದು ಕೈಮುಗಿದರು. ಈಗಿರುವ ಸಾಲು ಉದ್ದವಾಗಿದೆ, ಆದರೆ ಯಾರನ್ನೂ ಹೆದರಿಸುವುದಿಲ್ಲ: ‘ಎದೆಯ ಮಷೀನ್ ಬದಲಿಸುವ ಕಾಲ ಹತ್ತಿರ ಬಂದಿದೆ. ಈ ವಾರದಲ್ಲಿ ಡಾಕ್ಟರಿಗೆ ತೋರಿಸಿ. ಮಷೀನ್ ಈಗ ಕೆಲಸ ಮಾಡುತ್ತಿದೆ.’ ಈ ಸೂಚನೆ ಬಂದ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಅವಕಾಶ ಇರುವಂತೆ ಮಷೀನನ್ನು ಮಾಡಿರುತ್ತಾರೆ. ಆದ್ದರಿಂದ ಕೊನೆಯ ವಾಕ್ಯ ಸಮಾಧಾನಕ್ಕೆ ಸೇರಿಸಿದ್ದಲ್ಲ, ಅದು ನಿಜ.

ಕನ್ನಡ ಎಂದ ಕೂಡಲೇ ಭಾಷೆಯ ಪ್ರಶ್ನೆ ಮುಗಿಯುವುದೂ ಇಲ್ಲ. ಬೀದರ್ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಎಂಬತ್ತೈದು ದಾಟಿದ ಒಬ್ಬ ಹಿರಿಯರು ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡುತ್ತಾರೆ, ಆದರೆ ಅವರ ಕಣ್ಣು ಓದುವುದು ಉರ್ದುವನ್ನು. ಬಸವಕಲ್ಯಾಣದಲ್ಲಿ ಮರಾಠಿ ಶಾಲೆಯಲ್ಲಿ ಕಲಿತವರಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ. ಓದಲು ಬಾರದವರು ಎಲ್ಲ ಕಡೆ. ಹಾಗಾಗಿ ಸ್ಕ್ರೀನಿನ ಪ್ರತಿ ಸಾಲಿಗೂ ಒಂದು ದನಿ ಬೇಕು, ಒತ್ತಿದರೆ ಮಾತಾಡಬೇಕು. ಅದೂ ವಾರ್ತೆ ಓದುವ ದನಿಯಲ್ಲ, ಮನೆಯವರು ಹೇಳಿದ ಹಾಗೆ. ಇಷ್ಟಕ್ಕೂ ದೊಡ್ಡ ವಿಚಾರವನ್ನು ದುಡಿಯುವ ಜನರ ಮಾತಿನಲ್ಲೇ ಹೇಳಬಹುದು ಎಂದು ಹನ್ನೆರಡನೆಯ ಶತಮಾನದಲ್ಲೇ ತೋರಿಸಿದ ಊರು ಬಸವಕಲ್ಯಾಣ. ಅಲ್ಲಿ ಕೂತು ‘ಸಾಧನದ ಸಂಪರ್ಕ ಕಡಿತಗೊಂಡಿದೆ’ ಎಂದು ಓದುವಾಗ ಮುಜುಗರವಾಗುತ್ತದೆ.

ಇವೆಲ್ಲ ಪದಗಳ ಮಾತಾಯಿತು. ಪದ ಸರಿಯಿದ್ದೂ ಸ್ಕ್ರೀನು ಸುಳ್ಳು ಹೇಳುವುದಿದೆ. ನನ್ನ ಪ್ರಬಂಧದ ದಿಕ್ಕನ್ನು ತಿರುಗಿಸಿದ್ದು ಅಂಥದೇ ಒಂದು ಸಂಗತಿ.

ನನ್ನ ಸೋದರಮಾವನಿಗೆ ಬಸವಕಲ್ಯಾಣದಲ್ಲಿ ತೊಗರಿ, ಸೋಯಾ ಅಡತಿ. ನಾಲ್ಕು ವರ್ಷದ ಹಿಂದೆ ಮಷೀನು ಹಾಕಿಸಿಕೊಂಡರು. ಅವರ ಫೋನಿನಲ್ಲಿ ಆ್ಯಪ್ ಇದೆ. ಕಂಪನಿ, ದವಾಖಾನೆಯ ಹೆಸರು ಇಲ್ಲಿ ಬೇಡ. ಕಳೆದ ಮಳೆಗಾಲದ ಒಂದು ಸಂಜೆ ಅಂಗಡಿಯಲ್ಲಿ ಕೂತಲ್ಲೇ ಅವರಿಗೆ ಕಣ್ಣು ಕತ್ತಲಿಟ್ಟಿತು. ಮನೆಗೆ ಕರೆತಂದರು. ಮಗ ಮೊದಲು ಮಾಡಿದ ಕೆಲಸ ಆ್ಯಪ್ ತೆಗೆದು ನೋಡಿದ್ದು. ಹಸಿರು ಬಣ್ಣದ ಸರಿ ಗುರುತು ಇತ್ತು. ‘ಮಷೀನ್ ಬರೋಬರ್ ಅದ ಅಂತ ತೋರಿಸ್ಲತದ’ ಎಂದು ಅವ್ವನಿಗೆ ಹೇಳಿದ. ಬಿಸಿಲಿಗೆ ಪಿತ್ತ ಆಗಿರಬೇಕೆಂದು ನಿಂಬೆಹಣ್ಣಿನ ಶರಬತ್ತು ಕುಡಿಸಿ ಮಲಗಿಸಿದರು. ಬೆಳಗಿನ ಜಾವ ಬಚ್ಚಲಿಗೆ ಹೋದವರು ಬಿದ್ದರು. ಆಗ ಗಾಡಿ ಮಾಡಿಕೊಂಡು ಹೋದರು. ಪರೀಕ್ಷೆ ಮಾಡಿದಾಗ ಹೃದಯಕ್ಕೆ ಹೋಗುವ ವೈರು ಒಳಗೆ ಹಾಳಾಗಿ ಮಷೀನಿನ ತಟ್ಟು ಕೆಲವೊಮ್ಮೆ ಮಾತ್ರ ತಲುಪುತ್ತಿತ್ತು. ವೈರು ಬದಲಿಸಿದರು. ಮಾವ ಈಗ ಚೆನ್ನಾಗಿದ್ದಾರೆ, ಅಂಗಡಿಯಲ್ಲಿ ಕೂತು ಮೊದಲಿನಂತೆಯೇ ಜಗಳ ಆಡುತ್ತಾರೆ.

ನಾನು ಆ ಫೋನನ್ನು ನೋಡಿದ್ದು ಆಮೇಲೆ. ಆ ಹಸಿರು ಗುರುತು 23 ದಿನ ಹಳೆಯದು. ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಹಿಂದಿನಿಂದ ಮಲಗಿಸಿಬಿಟ್ಟಿತ್ತು. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಆ್ಯಂಡ್ರಾಯ್ಡ್ ಫೋನುಗಳು ಹಾಗೆ ಮಾಡುತ್ತವೆ. ಕೊನೆಯ ಸಲ ವರದಿ ಹೋದ ತಾರೀಖು ಸ್ಕ್ರೀನಿನ ಕೆಳಗೆ ಬೂದು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ ಇತ್ತು. ಮಾವನ ಮಗ ಬಿ.ಕಾಂ. ಓದಿದವನು. ಅವನಿಗೆ ಇಂಗ್ಲಿಷ್ ಬರುತ್ತದೆ, ತಾರೀಖು ಓದಲು ಬರುತ್ತದೆ. ಆದರೆ ಅಪ್ಪ ಕಣ್ಣೆದುರು ಬೆವರುತ್ತಿರುವಾಗ ಯಾರೂ ಸ್ಕ್ರೀನಿನ ತಳಕ್ಕೆ ಹೋಗಿ ಓದುವುದಿಲ್ಲ. ದೊಡ್ಡದಾಗಿ ಹಸಿರು ಕಂಡಿತು, ನಂಬಿದ.

ಆ ಗುರುತಿನ ಅರ್ಥ ‘23 ದಿನದ ಹಿಂದೆ ಸರಿ ಇತ್ತು, ಈಗಿನದು ಗೊತ್ತಿಲ್ಲ’ ಎಂದು. ತೋರಿಸಿದ್ದು ‘ಸರಿ ಇದೆ’ ಎಂದು. ಆ್ಯಪ್ ಇಲ್ಲದೇ ಇದ್ದಿದ್ದರೆ ಅವರು ಆ ಸಂಜೆಯೇ ಹೊರಡುತ್ತಿದ್ದರು. ನನಗೆ ನಿದ್ದೆಗೆಡಿಸಿದ್ದು ಈ ಮಾತು. ರೋಗಿಗೆ ನೆರವಾಗಲೆಂದು ಮಾಡಿದ ವಸ್ತು, ಅದು ಇಲ್ಲದಿದ್ದಾಗಿನ ಬುದ್ಧಿಯನ್ನೂ ಕಿತ್ತುಕೊಂಡಿತ್ತು.

ಇದನ್ನು ಹಳ್ಳಿಗಾಡಿನ ತೊಂದರೆ, ಓದು ಕಡಿಮೆಯಾದವರ ತೊಂದರೆ ಎಂದು ತಳ್ಳಿಹಾಕುವುದು ಸುಲಭ. ಹಾಗಲ್ಲ ಎನ್ನುವುದಕ್ಕೆ ಮಾರಿ ಮೋ ಅವರ ಕಥೆ ಸಾಕು. ನಾರ್ವೆಯವರು, ಕಂಪ್ಯೂಟರ್ ಭದ್ರತೆಯಲ್ಲಿ ಡಾಕ್ಟರೇಟ್ ಪಡೆದವರು. 2011ರಲ್ಲಿ ಅವರಿಗೆ ಪೇಸ್‌ಮೇಕರ್ ಹಾಕಿದರು. ಕೆಲವೇ ದಿನಗಳಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದಾಗ ಉಸಿರು ಸಿಕ್ಕಿಕೊಂಡು ಕುಸಿದರು. ಕಾರಣ ಹುಡುಕಲು ಬಹಳ ಕಾಲ ಹಿಡಿಯಿತು. ಅವರ ವಯಸ್ಸಿಗೆ ಹೊಂದದ ಸೆಟ್ಟಿಂಗ್ ಮಷೀನಿನಲ್ಲಿತ್ತು. ಬಡಿತ ನಿಮಿಷಕ್ಕೆ 160 ತಲುಪಿದಾಗ ಮಷೀನು ಅದನ್ನು ಥಟ್ಟನೆ ಅರ್ಧಕ್ಕೆ ಇಳಿಸುತ್ತಿತ್ತು. ತಂತ್ರಜ್ಞರಿಗೆ ಅದು ಕಾಣಲಿಲ್ಲ ಏಕೆಂದರೆ ದವಾಖಾನೆಯ ಉಪಕರಣದ ಸಾಫ್ಟ್‌ವೇರ್‌ನಲ್ಲಿ ದೋಷವಿತ್ತು. ಮಷೀನಿನೊಳಗೆ ಇದ್ದದ್ದು ಒಂದು, ಸ್ಕ್ರೀನಿನ ಮೇಲೆ ಕಂಡದ್ದು ಇನ್ನೊಂದು. ಅವರು ಆಮೇಲೆ ತಮ್ಮ ಎದೆಯ ಯಂತ್ರದ ಸಾಫ್ಟ್‌ವೇರನ್ನೇ ಅಧ್ಯಯನದ ವಿಷಯ ಮಾಡಿಕೊಂಡರು.

ಇನ್ನೂ ಹಳೆಯ ಉದಾಹರಣೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ವಿಪರೀತ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಯಂತ್ರ ತನ್ನ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ಬರೆಯುತ್ತಿತ್ತು. ಅದರರ್ಥ ಏನೆಂದು ನಡೆಸುವವರಿಗೆ ತಿಳಿಯುತ್ತಿರಲಿಲ್ಲ. ಒಂದು ಕೀಲಿ ಒತ್ತಿದರೆ ಯಂತ್ರ ಮುಂದುವರಿಯುತ್ತಿತ್ತು, ಆದ್ದರಿಂದ ಒತ್ತುತ್ತಿದ್ದರು. ನಮ್ಮ ಕ್ಷೇತ್ರದಲ್ಲಿ ಇದು ಮೊದಲ ವರ್ಷವೇ ಓದಿಸುವ ಪಾಠ. ಆ ಪಾಠದಿಂದ ಸಾಮಾನ್ಯವಾಗಿ ಕಲಿಯುವುದು ಎಚ್ಚರಿಕೆ ಸ್ಪಷ್ಟವಾಗಿರಬೇಕು ಎಂದು. ಮಾವನ ಫೋನು ನೋಡಿದ ಮೇಲೆ ನನಗೆ ಅದರ ಇನ್ನೊಂದು ಮಗ್ಗುಲು ಕಂಡಿತು. ಸಮಾಧಾನವೂ ಅಷ್ಟೇ ಸ್ಪಷ್ಟವಾಗಿರಬೇಕು. ಎಷ್ಟು ದಿನದ ಸಮಾಧಾನ, ಯಾವುದರ ಬಗ್ಗೆ ಸಮಾಧಾನ ಎಂದು ಹೇಳದ ಹಸಿರು ಬಣ್ಣ, ಅರ್ಥ ಹೇಳದ ಆ 54ರಷ್ಟೇ ಕೆಟ್ಟದ್ದು.

ಹಾಗಾಗಿ ಈಗ ನಾನು ಮಾಡುತ್ತಿರುವ ಸ್ಕ್ರೀನಿನಲ್ಲಿ ಮೂರು ಸ್ಥಿತಿಗಳಿವೆ. ಸರಿ ಇದೆ, ಡಾಕ್ಟರಿಗೆ ತೋರಿಸಿ, ಗೊತ್ತಿಲ್ಲ. ಮೂರನೆಯದಕ್ಕೆ ಉಳಿದೆರಡರಷ್ಟೇ ದೊಡ್ಡ ಜಾಗ. ಫೋನಿಗೆ ವರದಿ ಬಾರದೆ ಇಷ್ಟು ದಿನ ಕಳೆದರೆ ಹಸಿರು ತಾನಾಗಿ ಅಳಿಸಿಹೋಗಬೇಕು. ತಾರೀಖಿನ ಬದಲು ‘ನಿನ್ನೆ ರಾತ್ರಿ’, ‘ನಾಲ್ಕು ದಿನದ ಹಿಂದೆ’ ಎಂದು ಮಾತಿನಲ್ಲಿ ಬರಬೇಕು. ಆ ಸ್ಕ್ರೀನಿನ ಸಾಲು ಇದು: ‘ನಾಲ್ಕು ದಿನದಿಂದ ಮಷೀನಿನ ಸುದ್ದಿ ಈ ಫೋನಿಗೆ ಬಂದಿಲ್ಲ. ಫೋನ್ ಇಲ್ಲದಿದ್ದರೂ ಮಷೀನ್ ತನ್ನ ಕೆಲಸ ತಾನು ಮಾಡುತ್ತದೆ. ಆದರೆ ಅದು ಹೇಗಿದೆ ಎಂದು ಈ ಫೋನಿಗೆ ಈಗ ಗೊತ್ತಿಲ್ಲ.’ ಮಷೀನು ನಡೆಯುವುದು ಒಂದು, ಫೋನಿಗೆ ತಿಳಿಯುವುದು ಇನ್ನೊಂದು. ಈ ಎರಡನ್ನು ಬೇರೆ ಬೇರೆ ಮಾಡಿ ಹೇಳಿದರೆ ಮೇಷ್ಟ್ರ ಹೆದರಿಕೆಯೂ ಇಲ್ಲ, ಮಾವನ ಮಗನ ಸುಳ್ಳು ಧೈರ್ಯವೂ ಇಲ್ಲ.

ಮತ್ತೆ ಮೂರೂ ಸ್ಕ್ರೀನಿನ ತಲೆಯ ಮೇಲೆ, ಹಸಿರು ಇದ್ದಾಗಲೂ, ಬದಲಾಗದ ಒಂದು ಸಾಲು: ‘ತಲೆ ತಿರುಗಿದರೆ, ಕಣ್ಣು ಕತ್ತಲಿಟ್ಟರೆ, ಎದೆ ನೋವು ಬಂದರೆ ಈ ಫೋನ್ ನೋಡುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.’ ಏಕೆಂದರೆ ಎಲ್ಲ ಸರಿಯಾಗಿ ನಡೆದಾಗಲೂ ವರದಿ ಹೋದ ಕ್ಷಣ ಯಾರೋ ಡಾಕ್ಟರು ಅದನ್ನು ನೋಡುತ್ತಿರುತ್ತಾರೆ ಎಂದಲ್ಲ. ಇದು ಆಂಬುಲೆನ್ಸಿನ ಬದಲಿ ವ್ಯವಸ್ಥೆ ಅಲ್ಲ. ನಾನು ಮಾತಾಡಿಸಿದವರಲ್ಲಿ ಆ್ಯಪ್ ಇದ್ದ ಬಹುತೇಕರು ‘ಅಲ್ಲಿ ಯಾವಾಗಲೂ ಒಬ್ಬರು ಕುಂತು ನೋಡ್ತಿರ್ತಾರ’ ಎಂದೇ ನಂಬಿದ್ದರು.

ಇದಕ್ಕೆ ವಿರೋಧವೂ ಇದೆ. ಒಬ್ಬ ಹೃದ್ರೋಗ ತಜ್ಞರು ನನ್ನ ಕಾಗದಗಳನ್ನು ನೋಡಿ, ‘ಗೊತ್ತಿಲ್ಲ ಅಂತ ಬರೆದರೆ ರೀಚಾರ್ಜ್ ಮುಗಿದವರೆಲ್ಲ ನಮಗೆ ಫೋನ್ ಮಾಡ್ತಾರೆ. ಹತ್ತು ಸಲ ಸುಮ್ಮನೆ ಹೆದರಿದವರು ಹನ್ನೊಂದನೇ ಸಲ ನಿಜವಾದ ಎಚ್ಚರಿಕೆಯನ್ನೂ ನೋಡಲ್ಲ’ ಎಂದರು. ಅದು ನಿಜ. ಎಚ್ಚರಿಕೆ ಹೆಚ್ಚಾದರೆ ಕಿವಿ ಮೊಂಡಾಗುತ್ತದೆ, ಐಸಿಯುಗಳಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಎಷ್ಟು ದಿನದ ಮೇಲೆ ಹಸಿರು ಅಳಿಸಬೇಕು ಎನ್ನುವುದು ಇನ್ನೂ ತೀರ್ಮಾನವಾಗದ ಪ್ರಶ್ನೆ. ಗೊತ್ತಿಲ್ಲ ಎನ್ನುವುದಕ್ಕೆ ಸದ್ದು ಬೇಡ, ಕೆಂಪು ಬೇಡ ಎಂದು ನಾವಿಬ್ಬರೂ ಒಪ್ಪಿದೆವು. ಅದರ ಕೆಳಗೆ ಮನೆಯವರೇ ಮಾಡಬಹುದಾದ ಕೆಲಸಗಳಿರಬೇಕು: ಬ್ಲೂಟೂತ್ ಹಾಕಿ, ನೆಟ್ ಇದೆಯೇ ನೋಡಿ, ರಾತ್ರಿ ಫೋನನ್ನು ಹಾಸಿಗೆಯ ಹತ್ತಿರ ಇಡಿ, ಆದರೆ ದಿಂಬಿನ ಕೆಳಗಲ್ಲ. ಇಷ್ಟಾದರೂ ಬಾರದಿದ್ದರೆ ಮಾತ್ರ ಕ್ಲಿನಿಕ್ಕಿಗೆ ಫೋನ್. ಅವರಿಗೆ ಬರುವ ಕರೆ ಹೆಚ್ಚಾಗಬಹುದು. ಆದರೆ ಆ ಕರೆಗಳನ್ನು ಉಳಿಸಲು ರೋಗಿಗೆ ಹಳೆಯ ಹಸಿರು ತೋರಿಸುವುದು ಸರಿಯಾದ ಲೆಕ್ಕ ಅಲ್ಲ ಎಂದು ನಾನು ಈಗಲೂ ಅಂದುಕೊಂಡಿದ್ದೇನೆ.

ಸುರಕ್ಷತೆ ಎಂದರೆ ದೇಹದ್ದು ಮಾತ್ರವೂ ಅಲ್ಲ. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದು ಚಿಕ್ಕ ವಯಸ್ಸಿಗೇ ಮಷೀನು ಹಾಕಿಸಿಕೊಂಡ ಒಬ್ಬ ಹುಡುಗಿ ನನ್ನ ಬಳಿ ಮಾತಾಡಿದಳು. ಮನೆಯಲ್ಲಿ ಆಕೆಗೆ ಗಂಡು ನೋಡುತ್ತಿದ್ದಾರೆ. ಮಷೀನಿನ ವಿಷಯ ಮನೆಯಿಂದ ಹೊರಗೆ ಯಾರಿಗೂ ಗೊತ್ತಿಲ್ಲ. ಅವಳ ಫೋನು ತಮ್ಮಂದಿರ ಕೈಯಲ್ಲಿ, ಚಿಕ್ಕಮ್ಮನ ಮಕ್ಕಳ ಕೈಯಲ್ಲಿ ಓಡಾಡುತ್ತದೆ. ‘ಲಾಕ್ ಇದ್ದಾಗೂ ಮ್ಯಾಲ ಹಾರ್ಟ್ ಅಂತ ಬರ್ತದಲ್ರಿ, ಅದು ಬರಬಾರದು’ ಎಂದಳು. ಅದಕ್ಕೇ ಆ್ಯಪನ್ನೇ ತೆಗೆದುಹಾಕಿದ್ದಳು. ಮುಚ್ಚಿಟ್ಟು ಮದುವೆ ಮಾಡುವುದು ಸರಿಯೇ ಎಂಬುದು ಅವಳ ಮನೆಯವರ ಪ್ರಶ್ನೆ, ನಾನು ಅಲ್ಲಿಗೆ ಹೋಗಲಿಲ್ಲ. ಆದರೆ ತನ್ನ ಎದೆಯ ಸುದ್ದಿ ಯಾರಿಗೆ, ಯಾವಾಗ ಹೇಳಬೇಕು ಎನ್ನುವುದು ಅವಳ ಕೈಯಲ್ಲಿರಬೇಕು. ಒಂದು ಫೋನಿಗೆ ಒಬ್ಬನೇ ಒಡೆಯ ಎಂಬ ನಂಬಿಕೆಯ ಮೇಲೆ ಕಟ್ಟಿದ ಆ್ಯಪ್ ನಮ್ಮ ಮನೆಗಳಿಗೆ ಒಗ್ಗುವುದಿಲ್ಲ. ನೋಟಿಫಿಕೇಶನ್‌ನಲ್ಲಿ ಹೃದಯದ ಚಿತ್ರ, ಮಷೀನಿನ ಹೆಸರು ಎರಡೂ ಇರದಂತೆ ಮಾಡುವುದು ಪ್ರೋಗ್ರಾಂ ಬರೆಯುವವರಿಗೆ ಒಂದು ಸಾಲಿನ ಕೆಲಸ. ಆ ಒಂದು ಸಾಲು ಇಲ್ಲದ್ದಕ್ಕೆ ಒಬ್ಬ ರೋಗಿ ಆ್ಯಪನ್ನೇ ಬಿಟ್ಟಳು.

ನನ್ನ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಒಬ್ಬರು, ಇಷ್ಟೆಲ್ಲ ಸಣ್ಣ ಸಂಗತಿಗಳಲ್ಲಿ ಸಂಶೋಧನೆ ಎಲ್ಲಿದೆ ಎಂದು ಕೇಳಿದರು. ಗೇಣು, ಕುಪ್ಪಸ, ಆಯಸ್ಸು ಎಂಬ ಪದ, ಬೂದು ಬಣ್ಣದ ತಾರೀಖು. ಪ್ರಶ್ನೆ ನ್ಯಾಯವಾದದ್ದೇ. ಹೃದಯದ ಮಷೀನನ್ನು ಮೂವತ್ತು ಗ್ರಾಂಗೆ ಇಳಿಸಿದ ಸಾಧನೆಯ ಎದುರು ಇವೆಲ್ಲ ಸಣ್ಣವೇ. ಆದರೆ ಆ ಸಾಧನೆ ರೋಗಿಯ ಮನೆಗೆ ತಲುಪುವುದು ಈ ಸಣ್ಣ ಸಂಗತಿಗಳ ಮೂಲಕವೇ. ಹುಮನಾಬಾದಿನಿಂದ ಹೈದರಾಬಾದಿನ ದವಾಖಾನೆಗೆ 150 ಕಿಲೋಮೀಟರ್ ಆಸುಪಾಸು. ಅಷ್ಟು ದೂರ ಇಂದೇ ಹೋಗಬೇಕೋ ನಾಳೆ ಹೋದರೆ ನಡೆದೀತೋ ಎಂದು ಹೇಳುವ ಸ್ಕ್ರೀನಿಗೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪ್ರಾಮಾಣಿಕತೆ ಬೇಕು ಎನ್ನುವುದನ್ನು ಸಾಧಿಸಿ ತೋರಿಸಲು ನನಗೆ ಇನ್ನೂ ಎರಡು ವರ್ಷ ಇದೆ.

ಸದ್ಯ ದನಿಗಳ ಕೆಲಸ ನಡೆದಿದೆ. ಕನ್ನಡದ್ದು ಹುಮನಾಬಾದಿನ ಒಬ್ಬ ಆಶಾ ಕಾರ್ಯಕರ್ತೆ ಓದಿಕೊಟ್ಟಿದ್ದಾರೆ. ‘ಗೊತ್ತಿಲ್ಲ’ ಎನ್ನುವ ಸಾಲು ಓದುವಾಗ ಅವರು ಎರಡು ಸಲ ನಿಲ್ಲಿಸಿ, ಹೀಗೆ ಓದಿದರೆ ಬೈದ ಹಾಗೆ ಕೇಳುತ್ತದೆ, ಹಾಗೆ ಓದಿದರೆ ಅತ್ತ ಹಾಗೆ ಕೇಳುತ್ತದೆ ಎಂದು ತಾವೇ ತಿದ್ದಿಕೊಂಡರು. ಮೂರನೆಯ ಸಲ, ಬಸ್ ಬಂತೇ ಎಂದು ಕೇಳಿದವರಿಗೆ ಇನ್ನೂ ಇಲ್ಲ ಎಂದು ಹೇಳುವ ದನಿಯಲ್ಲಿ ಓದಿದರು. ಅದನ್ನೇ ಇಟ್ಟುಕೊಂಡಿದ್ದೇನೆ. ದಖನಿ ಮತ್ತು ಮರಾಠಿಯದು ಮುಂದಿನ ತಿಂಗಳು ಬಸವಕಲ್ಯಾಣದಲ್ಲಿ. ಲಂಬಾಣಿಗೆ ಯಾರಾದರೂ ಬೇಕಾಗಿದ್ದಾರೆ.